ಸುಟ್ಟುಹೋಗುವ ಲೋಕದಲ್ಲಿ ಸಸಿ ನೆಡುವುದೇಕೆ? ವಿಶ್ವಾಸ ಮತ್ತು ಲೋಕದ ನವೀಕರಣದ ಕುರಿತು ಒಂದು ಪ್ರಶ್ನೆ

ಹೊಸಚಿಗುರು (ಪ್ರಶ್ನೆ)

ಕ್ರಿಸ್ತನಲ್ಲಿ ಎಲ್ಲರಿಗೂ ವಂದನೆಗಳು. ಬಹಳ ದಿನಗಳಿಂದ ಮನಸ್ಸನ್ನು ಕೊರೆಯುತ್ತಿರುವ ಪ್ರಶ್ನೆಯೊಂದನ್ನು ತಮ್ಮ ಮುಂದೆ ಇಡುತ್ತಿದ್ದೇನೆ. ವಾದಕ್ಕಾಗಿ ಕೇಳುತ್ತಿಲ್ಲ. ಉತ್ತರ ಸಿಗದೆ ಕೈಗಳು ಸೋಲುತ್ತಿವೆ, ಆದ್ದರಿಂದ ಕೇಳುತ್ತಿದ್ದೇನೆ.

ನಾಲ್ಕು ವರ್ಷಗಳಿಂದ ನಾನು ಮತ್ತು ನಮ್ಮ ಸಭೆಯ ಏಳೆಂಟು ಮಂದಿ ಪ್ರತಿ ಶನಿವಾರ ಬೆಳಿಗ್ಗೆ, ಮಣ್ಣು ಕೊಚ್ಚಿಹೋಗಿ ಬರಡಾದ ಒಂದು ತೊರೆಯ ದಂಡೆಯಲ್ಲಿ ಕಸ ಎತ್ತುತ್ತೇವೆ, ಸಣ್ಣ ಒಡ್ಡುಗಳನ್ನು ಕಟ್ಟುತ್ತೇವೆ, ಸಸಿ ನೆಡುತ್ತೇವೆ. ಜೊತೆಗೆ ತಿಂಗಳಿಗೊಮ್ಮೆ ಮನೆಯಿಲ್ಲದವರು ರಾತ್ರಿ ತಂಗುವ ಆಶ್ರಯದಲ್ಲಿ ಹಾಸಿಗೆ ಹಾಸುವ, ಪಾತ್ರೆ ತೊಳೆಯುವ ಕೆಲಸವಿರುತ್ತದೆ. ಇದನ್ನೆಲ್ಲ ನಾವು ಆರಂಭಿಸಿದ್ದು ಪ್ರಾರ್ಥನೆಯಿಂದಲೇ. "ನಿನ್ನ ಚಿತ್ತವು ಪರಲೋಕದಲ್ಲಿ ನೆರವೇರುವಂತೆ ಭೂಲೋಕದಲ್ಲಿಯೂ ನೆರವೇರಲಿ" ಎಂದು ಬಾಯಿಂದ ಹೇಳುವವರು ಭೂಲೋಕದ ಒಂದು ಮೂಲೆಯಲ್ಲಾದರೂ ಕೈಯಾಡಿಸಬೇಕಲ್ಲವೇ ಎಂಬುದಷ್ಟೇ ನಮ್ಮ ಯೋಚನೆಯಾಗಿತ್ತು.

ಕಳೆದ ತಿಂಗಳು ನಮ್ಮ ಸಭೆಯ ಹಿರಿಯರೊಬ್ಬರು, ನನ್ನ ಮೇಲೆ ನಿಜವಾದ ಪ್ರೀತಿಯಿರುವವರು, ನನ್ನನ್ನು ಪಕ್ಕಕ್ಕೆ ಕರೆದು, "ಮಗಾ, ನಾಳೆ ಸುಟ್ಟುಹೋಗುವ ಮನೆಗೆ ಇವತ್ತು ಸುಣ್ಣ ಬಳಿಯುತ್ತಿದ್ದೀಯ. ಆ ಹೊತ್ತನ್ನು ಆತ್ಮಗಳ ರಕ್ಷಣೆಗೆ ಕೊಡು" ಎಂದರು. ಪೇತ್ರನ ಎರಡನೆಯ ಪತ್ರಿಕೆಯ ಮೂರನೆಯ ಅಧ್ಯಾಯವನ್ನು ತೆರೆದು, ಭೂಮಿಯೂ ಅದರಲ್ಲಿರುವ ಕೆಲಸಗಳೂ ಸುಟ್ಟುಹೋಗುವವು ಎನ್ನುವ ಹತ್ತನೆಯ ವಚನದ ಮೇಲೆ ಬೆರಳಿಟ್ಟು ತೋರಿಸಿದರು. ನನ್ನಲ್ಲಿ ಮರುಮಾತಿರಲಿಲ್ಲ.

ಅದೇ ವಾರ ದಂಡೆಗೆ ಹೋಗಿ ಹಿಂದಿನ ವರ್ಷ ನೆಟ್ಟಿದ್ದ ಸಸಿಗಳನ್ನು ಎಣಿಸಿದೆ. 60ರಲ್ಲಿ 23 ಮಾತ್ರ ಉಳಿದಿದ್ದವು. ಉಳಿದ ಗುಂಡಿಗಳಲ್ಲಿ ಕೆಲವು ಒಣ ಕಡ್ಡಿಗಳಿದ್ದವು. ಕೆಲವದರಲ್ಲಿ ಅದೂ ಇರಲಿಲ್ಲ. ಗುರುತಿಗೆ ಕಟ್ಟಿದ್ದ ಬಟ್ಟೆಯ ಚೂರು ಮಾತ್ರ ನೆಲದಲ್ಲಿ ಬಿದ್ದಿತ್ತು. ಹಿರಿಯರ ಮಾತು ನಿಜವಿರಬಹುದೇ ಎಂದು ನನಗೆ ಮೊದಲ ಬಾರಿಗೆ ಅನ್ನಿಸಿದ್ದು ಆಗ. ಲೋಕವನ್ನು ಹೊಸದು ಮಾಡುವವನು ದೇವರೊಬ್ಬನೇ ಎಂದಾದರೆ ನಮ್ಮ ಪಾಲು ಏನು? ಅದು ವಿಶ್ವಾಸದ ಭಾಗವೋ, ವಿಶ್ವಾಸಕ್ಕೆ ಅಂಟಿಸಿಕೊಂಡ ಒಳ್ಳೆಯ ಹವ್ಯಾಸವೋ? ಕೃಪೆಯಿಂದಲೇ ರಕ್ಷಣೆ ಎಂದು ನಂಬುವ ನಾನು, ನನಗರಿವಿಲ್ಲದೆ ಕ್ರಿಯೆಗಳ ಮೇಲೆ ಭರವಸೆ ಇಡುತ್ತಿದ್ದೇನೆಯೇ? ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ವಾಕ್ಯಾಭ್ಯಾಸಿ

ಸಹೋದರರೇ, ಹಿರಿಯರು ಬೆರಳಿಟ್ಟ ವಚನದಿಂದಲೇ ಆರಂಭಿಸೋಣ. ಅದನ್ನು ಬದಿಗಿಟ್ಟು ಬೇರೆ ವಚನಗಳನ್ನು ಗುಡ್ಡೆಹಾಕಿದರೆ ಅದು ಉತ್ತರವಾಗುವುದಿಲ್ಲ.

2 ಪೇತ್ರ 3:10ರ ಕೊನೆಯಲ್ಲಿ, ಭೂಮಿಯೂ ಅದರಲ್ಲಿರುವ ಕೆಲಸಗಳೂ "ಸುಟ್ಟುಹೋಗುವವು" ಎಂದು ನಾವು ಬಾಲ್ಯದಿಂದ ಓದುತ್ತ ಬಂದಿದ್ದೇವೆ. ಆದರೆ ನಾಲ್ಕನೆಯ ಶತಮಾನದ ಎರಡು ಮಹಾ ಹಸ್ತಪ್ರತಿಗಳಾದ ಸಿನಾಯ್ ಪ್ರತಿ ಮತ್ತು ವ್ಯಾಟಿಕನ್ ಪ್ರತಿಗಳಲ್ಲಿ ಆ ಸ್ಥಳದಲ್ಲಿರುವ ಗ್ರೀಕ್ ಕ್ರಿಯಾಪದದ ಅರ್ಥ "ಕಂಡುಬರುವವು" ಎಂದು. "ಸುಟ್ಟುಹೋಗುವವು" ಎಂಬ ಪಾಠ ಅದಕ್ಕಿಂತ ಈಚಿನ ಪ್ರತಿಗಳಲ್ಲಿದೆ. ಹಳೆಯ ಭಾಷಾಂತರಗಳು ಅದನ್ನು ಅನುಸರಿಸಿದವು. ಇಂದಿನ ಅನೇಕ ಭಾಷಾಂತರಗಳು "ಬಯಲಿಗೆ ಬರುವವು" ಎಂಬ ಅರ್ಥವನ್ನೇ ಕೊಡುತ್ತವೆ. ಬೆಂಕಿ ಇಲ್ಲಿ ಇಲ್ಲ ಎಂದು ನಾನು ಹೇಳುತ್ತಿಲ್ಲ, ಬೆಂಕಿಯ ಮಾತು ಅದೇ ವಚನದಲ್ಲಿ ಇದ್ದೇ ಇದೆ. ಆದರೆ ಬೆಂಕಿಯ ಕೆಲಸ ಯಾವುದು ಎಂಬುದು ಮುಖ್ಯ. ಮಲಾಕಿಯನ ಮೂರನೆಯ ಅಧ್ಯಾಯದಲ್ಲಿ ದೇವರು ಅಕ್ಕಸಾಲಿಗನಂತೆ ಕುಳಿತು ಬೆಳ್ಳಿಯನ್ನು ಶೋಧಿಸುತ್ತಾನೆ. ಅಕ್ಕಸಾಲಿಗ ಕುಲುಮೆ ಊದುವುದು ಬೆಳ್ಳಿಯನ್ನು ಕಳೆದುಕೊಳ್ಳುವುದಕ್ಕಲ್ಲ. 1 ಕೊರಿಂಥ 3:13ರಲ್ಲಿ ಪೌಲನು ಹೇಳುವುದೂ ಇದನ್ನೇ: ಪ್ರತಿಯೊಬ್ಬನ ಕೆಲಸ ಎಂಥದೆಂಬುದನ್ನು ಬೆಂಕಿ ಶೋಧಿಸುತ್ತದೆ, ಶೋಧನೆಯಲ್ಲಿ ನಿಂತದ್ದು ಉಳಿಯುತ್ತದೆ.

ಪೇತ್ರನ ಅದೇ ಅಧ್ಯಾಯದಲ್ಲಿ ನಾಲ್ಕು ವಚನ ಹಿಂದಕ್ಕೆ ಹೋಗಿ ನೋಡಿ. ನೋಹನ ಕಾಲದ ಲೋಕ ನೀರಿನಲ್ಲಿ ಮುಳುಗಿ "ನಾಶವಾಯಿತು" ಎಂದು ಅಲ್ಲಿ ಬರೆದಿದೆ. ನಾಶವಾದದ್ದು ಏನು? ನೀರು ಇಳಿದ ಮೇಲೆ ನೋಹನು ಕಾಲಿಟ್ಟದ್ದು ಬೇರೊಂದು ಗ್ರಹದ ಮೇಲಲ್ಲ, ಅದೇ ಭೂಮಿಯ ಮೇಲೆ. ಕೊಚ್ಚಿಹೋದದ್ದು ಅಂದಿನ ದುಷ್ಟ ವ್ಯವಸ್ಥೆ. ಬೆಂಕಿಯನ್ನು ನೀರಿಗೆ ಹೋಲಿಸಿ ಬರೆಯುವ ಅಪೊಸ್ತಲನ ಮಾತನ್ನು ಆ ಹೋಲಿಕೆಯೊಳಗೇ ಇಟ್ಟು ಓದುವುದು ನ್ಯಾಯ.

ಇನ್ನು "ನೂತನ ಆಕಾಶಮಂಡಲ, ನೂತನ ಭೂಮಂಡಲ" ಎಂಬಲ್ಲಿ "ನೂತನ" ಎಂಬುದಕ್ಕೆ ಬಳಸಿರುವ ಗ್ರೀಕ್ ಪದ ಕೈನೊಸ್. 2 ಕೊರಿಂಥ 5:17ರಲ್ಲಿ ಕ್ರಿಸ್ತನಲ್ಲಿರುವವನು "ನೂತನ ಸೃಷ್ಟಿ" ಎನ್ನುವಾಗಲೂ ಅದೇ ಪದವಿದೆ. ಒಂದು ಪದವನ್ನೇ ನೆಚ್ಚಿಕೊಂಡು ಸಿದ್ಧಾಂತ ಕಟ್ಟಬಾರದು ಎಂಬ ಎಚ್ಚರ ನನಗಿದೆ. ಆದರೂ ಇಷ್ಟನ್ನು ಕೇಳಬಹುದು: ನಾವು ನೂತನ ಸೃಷ್ಟಿಯಾದಾಗ ದೇವರು ಹಳೆಯ ನಮ್ಮನ್ನು ಎಸೆದು ಇನ್ನೊಬ್ಬನನ್ನು ತಂದಿಟ್ಟನೇ? ಇಲ್ಲ, ನಮ್ಮನ್ನೇ ತೊಳೆದು ಎಬ್ಬಿಸಿದನು. ಪುನರುತ್ಥಾನವಾದ ಯೇಸು ತೋಮನಿಗೆ ತೋರಿಸಿದ ಕೈಗಳಲ್ಲಿ ಮೊಳೆಯ ಗಾಯ ಇತ್ತು. ಮಹಿಮೆಯ ಶರೀರ ಎಂಬುದು ಶಿಲುಬೆಗೇರಿದ ಅದೇ ಶರೀರ. ಕರ್ತನು ತನ್ನ ಶರೀರಕ್ಕೆ ಮಾಡಿದ್ದನ್ನೇ ತನ್ನ ಸೃಷ್ಟಿಗೂ ಮಾಡುತ್ತಾನೆ ಎಂಬುದು ರೋಮಾಪುರದವರಿಗೆ ಬರೆದ ಪತ್ರಿಕೆಯ ಎಂಟನೆಯ ಅಧ್ಯಾಯದ ನಿರೀಕ್ಷೆ. ಅಲ್ಲಿ ಸೃಷ್ಟಿ ನರಳುತ್ತಿರುವುದು ಸಾಯುವವನ ಹಾಗಲ್ಲ, ಹೆರಿಗೆ ನೋವು ತಿನ್ನುವವಳ ಹಾಗೆ. ಪ್ರಕಟನೆಯ 21ನೆಯ ಅಧ್ಯಾಯದಲ್ಲಿಯೂ ನಾವು ಮೇಲಕ್ಕೆ ಹಾರಿಹೋಗುವುದಿಲ್ಲ. ಪವಿತ್ರ ನಗರವೇ ಕೆಳಗಿಳಿದು ಬರುತ್ತದೆ.

ನಿಮ್ಮ ಪಾಲು ಏನು ಎಂದು ಕೇಳಿದ್ದೀರಿ. ಆದಿಕಾಂಡ 2:15ರಲ್ಲಿ ಮನುಷ್ಯನಿಗೆ ತೋಟವನ್ನು ಒಪ್ಪಿಸಿದಾಗ ಎರಡು ಇಬ್ರಿಯ ಕ್ರಿಯಾಪದಗಳಿವೆ: ಒಂದು ದುಡಿಯುವುದು ಅಥವಾ ಸೇವೆ ಮಾಡುವುದು, ಇನ್ನೊಂದು ಕಾಯುವುದು. ಇದೇ ಜೋಡಿ ಅರಣ್ಯಕಾಂಡ 3:7–8ರಲ್ಲಿ ಇಸ್ರಾಯೇಲ್ಯರ ಆರಾಧನೆಯ ಸ್ಥಳವಾದ ದೇವದರ್ಶನದ ಗುಡಾರದಲ್ಲಿ ಯಾಜಕರಿಗೆ ನೆರವಾಗುವ ಲೇವಿಯರು ಮಾಡಬೇಕಾದ ಪರಿಚರ್ಯೆಗೆ ಬಳಕೆಯಾಗಿದೆ. ತೋಟದ ಕೆಲಸಕ್ಕೂ ಗುಡಾರದ ಕೆಲಸಕ್ಕೂ ಸತ್ಯವೇದ ಒಂದೇ ಮಾತನ್ನು ಬಳಸಿರುವಾಗ, ಶನಿವಾರದ ನಿಮ್ಮ ಗುದ್ದಲಿಯನ್ನು ಭಾನುವಾರದ ಆರಾಧನೆಯಿಂದ ಬೇರ್ಪಡಿಸಲು ನನಗಂತೂ ಧೈರ್ಯವಿಲ್ಲ.

ಹಿರಿಯ ಸೇವಕ

ಮೇಲಿನ ಸಹೋದರರ ವ್ಯಾಖ್ಯಾನವನ್ನು ಬಹುಮಟ್ಟಿಗೆ ಒಪ್ಪುತ್ತೇನೆ. ಮೂವತ್ತು ವರ್ಷ ಸಭಾಪಾಲನೆ ಮಾಡಿದವನಾಗಿ ಎರಡು ಎಚ್ಚರದ ಮಾತುಗಳನ್ನು ಸೇರಿಸದೆ ಇರಲಾರೆ. ನಿಮ್ಮ ಹಿರಿಯರ ಮಾತಿನಲ್ಲಿ ತಪ್ಪು ಇದ್ದರೂ, ಅದರ ಹಿಂದಿರುವ ಭಯ ಸುಳ್ಳಲ್ಲ.

ದೇವರ ರಾಜ್ಯವನ್ನು ನಾವೇ ಕಟ್ಟುತ್ತೇವೆ ಎಂದು ಹೊರಟವರ ಚರಿತ್ರೆ ಸಂತೋಷದ್ದಲ್ಲ. 1534ರಲ್ಲಿ ಜರ್ಮನಿಯ ಮ್ಯುನ್‌ಸ್ಟರ್ ನಗರವನ್ನು ವಶಪಡಿಸಿಕೊಂಡ ಕೆಲವರು ಅದನ್ನೇ ನೂತನ ಯೆರೂಸಲೇಮ್ ಎಂದು ಸಾರಿದರು. ಒಂದೂವರೆ ವರ್ಷದೊಳಗೆ ಅದು ಬಲಾತ್ಕಾರ, ಹಸಿವು ಮತ್ತು ರಕ್ತದಲ್ಲಿ ಕೊನೆಗೊಂಡಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ಶಿಕ್ಷಣ ಮತ್ತು ಸುಧಾರಣೆಗಳ ಮೂಲಕ ಲೋಕ ಮೆಲ್ಲಮೆಲ್ಲನೆ ದೇವರ ರಾಜ್ಯವಾಗುತ್ತಿದೆ ಎಂದು ಪಾಶ್ಚಾತ್ಯ ಸಭೆಗಳಲ್ಲಿ ಅನೇಕರು ನಂಬಿದ್ದರು. 1914ರ ಮಹಾಯುದ್ಧದಲ್ಲಿ ಕ್ರೈಸ್ತ ದೇಶಗಳೆನಿಸಿಕೊಂಡವುಗಳೇ ಪರಸ್ಪರ ಕಂದಕಗಳಲ್ಲಿ ಕೊಂದುಕೊಂಡಾಗ ಆ ಭರವಸೆ ಮುರಿಯಿತು. ಐದು ಸಾವಿರ ಜನಕ್ಕೆ ರೊಟ್ಟಿ ಹಂಚಿದ ಯೇಸು, ಜನರು ತನ್ನನ್ನು ಹಿಡಿದು ಅರಸನನ್ನಾಗಿ ಮಾಡಬೇಕೆಂದಿದ್ದಾರೆಂದು ತಿಳಿದು ಒಬ್ಬನೇ ಬೆಟ್ಟಕ್ಕೆ ಹೋದನು ಎಂಬುದನ್ನು ಯೋಹಾನ 6:15ರಲ್ಲಿ ಓದುತ್ತೇವೆ. ರೊಟ್ಟಿಯನ್ನು ಕೊಡದೆ ಇರಲಿಲ್ಲ, ಕಿರೀಟವನ್ನು ತೆಗೆದುಕೊಳ್ಳಲೂ ಇಲ್ಲ. ನಮ್ಮ ಸೇವೆಯ ಅಳತೆ ಅಷ್ಟರಲ್ಲಿದೆ ಎಂದು ನನಗೆ ತೋರುತ್ತದೆ.

ಒಳ್ಳೆಯ ಕೆಲಸವೂ ಅರೆಬರೆಯಾಗಿರುತ್ತದೆ ಎಂಬುದು ಎರಡನೆಯ ಎಚ್ಚರ. ವಿಲಿಯಂ ವಿಲ್ಬರ್‌ಫೋರ್ಸ್ ಅವರ ಉದಾಹರಣೆಯನ್ನು ನಾವು ಪ್ರಸಂಗಗಳಲ್ಲಿ ಮೇಲಿಂದ ಮೇಲೆ ಕೊಡುತ್ತೇವೆ, ನಾನೂ ಕೊಟ್ಟಿದ್ದೇನೆ. 1791ರಲ್ಲಿ ಬ್ರಿಟಿಷ್ ಸಂಸತ್ತಿನಲ್ಲಿ ಸೋತ ಅವರ ಹೋರಾಟ 1807ರಲ್ಲಿ ಗುಲಾಮರ ವ್ಯಾಪಾರವನ್ನು ನಿಷೇಧಿಸಿತು. 1833ರ ಜುಲೈನಲ್ಲಿ ಗುಲಾಮಗಿರಿಯನ್ನೇ ರದ್ದುಗೊಳಿಸುವ ಮಸೂದೆ ಕೆಳಮನೆಯಲ್ಲಿ ಅಂಗೀಕಾರವಾಗುವುದು ಖಚಿತವೆಂಬ ಸುದ್ದಿ ಕೇಳಿ ಮೂರು ದಿನಗಳಲ್ಲಿ ಅವರು ತೀರಿಕೊಂಡರು. ಇದು ಸಾಮಾನ್ಯವಾಗಿ ನಾವು ಹೇಳುವ ಭಾಗ. ಅದೇ ಕಾಯಿದೆಯ ಪ್ರಕಾರ ಸರ್ಕಾರ ಎರಡು ಕೋಟಿ ಪೌಂಡ್ ಪರಿಹಾರವನ್ನು ಕೊಟ್ಟದ್ದು ಗುಲಾಮರ ಒಡೆಯರಿಗೆ. ಬೆನ್ನ ಮೇಲೆ ಬಾಸುಂಡೆ ಹೊತ್ತವರಿಗೆ ಬಿಡಿಕಾಸೂ ಸಿಗಲಿಲ್ಲ. ಬಿಡುಗಡೆಯಾದವರಲ್ಲಿ ಬಹುಪಾಲು ಮಂದಿ 1838ರವರೆಗೆ ಅದೇ ಒಡೆಯರ ಕೈಕೆಳಗೆ ಕೂಲಿಯಿಲ್ಲದೆ ದುಡಿಯಬೇಕಾಯಿತು. ಗುಲಾಮರನ್ನು ಇಟ್ಟುಕೊಂಡವರೂ ಸತ್ಯವೇದವನ್ನೇ ಓದುತ್ತಿದ್ದರು ಎಂಬುದನ್ನು ನೆನೆದರೆ ತಲೆ ತಗ್ಗಿಸಬೇಕಾಗುತ್ತದೆ. ಹಾಗೆಂದು ಆ ಹೋರಾಟ ವ್ಯರ್ಥವೇ? ಖಂಡಿತ ಅಲ್ಲ. ಅದು ದೇವರ ರಾಜ್ಯವಲ್ಲ, ರಾಜ್ಯದ ಪ್ರಥಮಫಲ, ಅಂದರೆ ಸುಗ್ಗಿಯ ಮೊದಲ ಬೆಳೆ. ಪ್ರಥಮಫಲದ ಸಿವುಡನ್ನು ಎತ್ತಿ ಹಿಡಿದವನು ಸುಗ್ಗಿಯೇ ಮುಗಿಯಿತು ಎನ್ನುವುದಿಲ್ಲ.

ಕೃಪೆ ಮತ್ತು ಕ್ರಿಯೆಯ ಬಗ್ಗೆ ನಿಮಗಿರುವ ಅಳುಕಿಗೆ ಎಫೆಸ 2:8–10 ಸಾಕು. ಎಂಟು ಮತ್ತು ಒಂಬತ್ತನೆಯ ವಚನಗಳನ್ನು ಕಂಠಪಾಠ ಮಾಡಿಸುವ ನಾವು ಹತ್ತನೆಯದನ್ನು ಬಿಟ್ಟುಬಿಡುತ್ತೇವೆ. ಕ್ರಿಯೆಗಳಿಂದ ರಕ್ಷಣೆಯಲ್ಲ, ಆದರೆ ದೇವರು ಮುಂಚಿತವಾಗಿ ಸಿದ್ಧಮಾಡಿಟ್ಟ ಕ್ರಿಯೆಗಳಲ್ಲಿ ನಡೆಯುವುದಕ್ಕಾಗಿಯೇ ನಾವು ಸೃಷ್ಟಿಸಲ್ಪಟ್ಟಿದ್ದೇವೆ. 23 ಸಸಿಗಳಿಂದ ದೇವರ ಮುಂದೆ ನಿಮ್ಮ ಲೆಕ್ಕ ಹೆಚ್ಚುತ್ತದೆ ಎಂದು ಒಳಗೊಳಗೇ ಅನ್ನಿಸಿದರೆ ಒಂದು ಶನಿವಾರ ಕೆಲಸ ಬಿಟ್ಟು ಮನೆಯಲ್ಲಿ ಕುಳಿತು ಪ್ರಾರ್ಥಿಸಿರಿ. ಹಾಗೆ ಅನ್ನಿಸದಿದ್ದರೆ ಹೋಗಿ ಅಗೆಯಿರಿ. ಇನ್ನೊಂದು: ಆಶ್ರಯದಲ್ಲಿ ಹಾಸಿಗೆ ಹಾಸುವುದನ್ನು ಯಾರನ್ನೂ ಸಭೆಗೆ ಸೆಳೆಯುವ ಗಾಳವಾಗಿ ಬಳಸಬೇಡಿರಿ. ಯೇಸು ವಾಸಿಮಾಡಿದ ಹತ್ತು ಮಂದಿ ಕುಷ್ಠರೋಗಿಗಳಲ್ಲಿ ತಿರುಗಿ ಬಂದವನು ಒಬ್ಬನೇ. ಉಳಿದ ಒಂಬತ್ತು ಮಂದಿಯ ರೋಗ ಮರಳಿ ಬಂದಿತೆಂದು ಲೂಕನು ಬರೆದಿಲ್ಲ.

ರಾತ್ರಿಪಾಳಿ

ನಾನು ದೇವಶಾಸ್ತ್ರ ಓದಿದವಳಲ್ಲ. ಗುಣವಾಗದ ಕಾಯಿಲೆಯ ಕೊನೆಯ ಹಂತದಲ್ಲಿರುವವರನ್ನು ನೋಡಿಕೊಳ್ಳುವ ಉಪಶಾಮಕ ಆರೈಕೆಯ ವಾರ್ಡಿನಲ್ಲಿ ನರ್ಸ್ ಆಗಿದ್ದೇನೆ. "ನಾಳೆ ಸುಟ್ಟುಹೋಗುವ ಮನೆಗೆ ಸುಣ್ಣ" ಎಂಬ ಮಾತನ್ನು ಓದಿ ತುಂಬಾ ಹೊತ್ತು ಸುಮ್ಮನೆ ಕುಳಿತೆ, ಯಾಕೆಂದರೆ ನನ್ನ ಕೆಲಸ ಅಕ್ಷರಶಃ ಅದೇ.

ಕೊನೆಯ ದಿನಗಳಲ್ಲಿ ರೋಗಿ ನೀರು ನುಂಗಲಾರದೆ ಬಾಯಿಯಿಂದ ಉಸಿರಾಡುತ್ತಿರುವಾಗ ತುಟಿ ಒಣಗಿ ಬಿರಿಯುತ್ತದೆ, ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತದೆ. ಸಣ್ಣ ಕಡ್ಡಿಯ ತುದಿಯ ಸ್ಪಂಜನ್ನು ನೀರಿನಲ್ಲಿ ಅದ್ದಿ, ಹಿಂಡಿ, ಕೆನ್ನೆಯ ಒಳಭಾಗ, ಒಸಡು, ನಾಲಿಗೆಯ ಮೇಲೆ ನಿಧಾನವಾಗಿ ಒರೆಸಿ, ಕೊನೆಗೆ ತುಟಿಗೆ ಮುಲಾಮು ಸವರುತ್ತೇವೆ. ಒಂದು ಗಂಟೆಯೊಳಗೆ ಮತ್ತೆ ಒಣಗುತ್ತದೆ. ಮತ್ತೆ ಒರೆಸುತ್ತೇವೆ. ಆ ಮನುಷ್ಯ ನಾಳೆ ಇರುವುದಿಲ್ಲ ಎಂಬುದು ನನಗೂ ಗೊತ್ತು, ಪಕ್ಕದಲ್ಲಿ ಕುಳಿತ ಮಗಳಿಗೂ ಗೊತ್ತು. ಆದರೂ ಹಾಸಿಗೆಯ ಬಟ್ಟೆ ಬದಲಿಸುತ್ತೇವೆ, ಹುಣ್ಣಾಗದಿರಲೆಂದು ಮಗ್ಗುಲು ತಿರುಗಿಸುತ್ತೇವೆ, ತಲೆ ಬಾಚುತ್ತೇವೆ. ಇದು ವ್ಯರ್ಥ ಎಂದು ಇದುವರೆಗೆ ಯಾವ ಹಿರಿಯರೂ ನನಗೆ ಹೇಳಿಲ್ಲ. ಎದ್ದು ಬರಲಿರುವ ಶರೀರ ಎಂದು ನಂಬುವುದರಿಂದಲೇ ಸಾಯಲಿರುವ ಶರೀರಕ್ಕೆ ನಾವು ಮರ್ಯಾದೆ ಕೊಡುತ್ತೇವೆ. ಭೂಮಿಯ ವಿಷಯದಲ್ಲಿ ಮಾತ್ರ ಬೇರೆ ನಿಯಮ ಯಾಕಿರಬೇಕು ಎಂದು ನನಗೆ ಅರ್ಥವಾಗುವುದಿಲ್ಲ.

ಇನ್ನೊಂದು ವಿಷಯ ನನಗೆ ಈ ಪಾಳಿಗಳಲ್ಲಿಯೇ ಹೊಳೆದದ್ದು. ಯೇಸು ವಾಸಿಮಾಡಿದ ಪ್ರತಿಯೊಬ್ಬರೂ ಆಮೇಲೆ ಸತ್ತರು. ಆತನು ಸಾವಿನಿಂದ ಎಬ್ಬಿಸಿದ ಯಾಯೀರನ ಮಗಳು ದೊಡ್ಡವಳಾಗಿ, ಒಂದು ದಿನ ತೀರಿಕೊಂಡಳು. ಕುರುಡ ಬಾರ್ತಿಮಾಯನ ತೆರೆದ ಕಣ್ಣುಗಳು ಮತ್ತೆ ಮುಚ್ಚಿದವು. ಸಮಾಧಿಯಿಂದ ಎದ್ದುಬಂದ ಲಾಜರನಂತೂ ಎರಡು ಸಲ ಸಮಾಧಿಗೆ ಹೋದನು. ಉಳಿಯುವುದಿಲ್ಲ ಎಂಬ ಕಾರಣಕ್ಕೆ ಕೆಲಸ ವ್ಯರ್ಥವಾಗುವುದಾದರೆ ಕರ್ತನ ಮೂರು ವರ್ಷಗಳ ಸೇವೆಯಲ್ಲಿ ಬಹುಭಾಗ ವ್ಯರ್ಥವಾಗಬೇಕಿತ್ತು.

ನಮ್ಮ ಕ್ಷೇತ್ರದ ದಾರಿ ತೆರೆದ ಸಿಸೆಲಿ ಸಾಂಡರ್ಸ್ ಅವರು ತಮ್ಮ ಕ್ರೈಸ್ತ ವಿಶ್ವಾಸವನ್ನು ಮುಚ್ಚಿಡದೆ ಬದುಕಿದವರು. ಲಂಡನ್ನಿನ ಆಸ್ಪತ್ರೆಯಲ್ಲಿ ಕ್ಯಾನ್ಸರಿನಿಂದ ಸಾಯುತ್ತಿದ್ದ ಡೇವಿಡ್ ತಾಸ್ಮಾ ಎಂಬ ಪೋಲೆಂಡಿನ ಯೆಹೂದಿ ನಿರಾಶ್ರಿತರು, ಮುಂದೆ ಸಾಂಡರ್ಸ್ ಅವರು ಸಾಯುತ್ತಿರುವವರ ಆರೈಕೆಗಾಗಿ ಕಟ್ಟಬೇಕೆಂದಿದ್ದ ಮನೆಗೆ ತಾನೊಂದು ಕಿಟಕಿಯಾಗುವೆನೆಂದು 1948ರಲ್ಲಿ 500 ಪೌಂಡ್ ಬಿಟ್ಟುಹೋದರು. ಕಿಟಕಿ ಮೊದಲು ಬಂತು. ಮನೆ ಬಂದದ್ದು 19 ವರ್ಷಗಳ ನಂತರ, 1967ರಲ್ಲಿ, ಸೇಂಟ್ ಕ್ರಿಸ್ಟೋಫರ್ಸ್ ಆಶ್ರಯಧಾಮ ತೆರೆದಾಗ. ಆ ನಡುವೆ ಸಾಂಡರ್ಸ್ ಅವರು ನರ್ಸಿಂಗ್ ಸಾಲದೆಂದು ವೈದ್ಯಕೀಯವನ್ನೂ ಓದಿ ಮುಗಿಸಿದ್ದರು. ನೋವಿನಲ್ಲಿ ದೇಹದ ಪಾಲು, ಮನಸ್ಸಿನ ಪಾಲು, ಮನೆಮಂದಿಯ ಪಾಲು, ಆತ್ಮದ ಪಾಲು ಎಲ್ಲವೂ ಸೇರಿರುತ್ತವೆ, ಒಂದನ್ನು ಬಿಟ್ಟು ಇನ್ನೊಂದನ್ನು ನೀಗಲಾಗದು ಎಂದು ಅವರು ಕಲಿಸಿದರು. "ಆತ್ಮಗಳ ರಕ್ಷಣೆಗೆ ಹೊತ್ತು ಕೊಡು" ಎನ್ನುವ ನಿಮ್ಮ ಹಿರಿಯರಿಗೆ ಇದನ್ನು ತಿಳಿಸಬಹುದು. ಬಿರಿದ ತುಟಿಯನ್ನು ತೇವ ಮಾಡದೆ ಆತ್ಮದ ಮಾತೆತ್ತಲು ನನ್ನಿಂದ ಆಗಿಲ್ಲ.

ಮಣ್ಣಿನಮಗಳು

60ರಲ್ಲಿ 23 ಉಳಿದದ್ದು, ಬರಡು ದಂಡೆಯ ಮಟ್ಟಿಗೆ, ಸೋಲಲ್ಲ. ಬಂಜರು ನೆಲದ ಪುನಶ್ಚೇತನದಲ್ಲಿ ಬಹಳ ವರ್ಷ ಕೆಲಸ ಮಾಡಿದವಳಾಗಿ ಹೇಳುತ್ತಿದ್ದೇನೆ. ಆದರೆ ಕಳೆದುಹೋದ 37ರ ಬಗ್ಗೆ ಒಂದು ಪ್ರಶ್ನೆ: ಅವು ಒಣಗಿ ಸತ್ತವೋ, ಮೇಯ್ದುಹೋದವೋ? ಕಡ್ಡಿ ನಿಂತಿದ್ದರೆ ನೀರಿನ ಕೊರತೆ ಅಥವಾ ಬೇರಿನ ತೊಂದರೆ ಇರಬಹುದು. ಕಡ್ಡಿಯೂ ಇಲ್ಲದಿದ್ದರೆ, ಗುರುತಿನ ಬಟ್ಟೆ ನೆಲದಲ್ಲಿ ಬಿದ್ದಿದ್ದರೆ, ದನಕರು ಅಥವಾ ಆಡು ಬಂದಿವೆ ಎಂದರ್ಥ. ನೀವು ಬರೆದಿರುವುದನ್ನು ನೋಡಿದರೆ ಎರಡೂ ಆಗಿರುವಂತೆ ಕಾಣುತ್ತದೆ.

ಇಲ್ಲಿ ಉತ್ತರ ಇಥಿಯೋಪಿಯದ ಆರ್ಥೊಡಾಕ್ಸ್ ಸಭೆಗಳ ಸಂಗತಿ ನೆನಪಾಗುತ್ತದೆ. ಅಲ್ಲಿಯ ಎತ್ತರದ ಪ್ರದೇಶಗಳಲ್ಲಿ ಮೂಲ ಕಾಡಿನ ಬಹುಭಾಗ ಹೊಲ ಮತ್ತು ಹುಲ್ಲುಗಾವಲಾಗಿ ಹೋಗಿದೆ. ಆಕಾಶದಿಂದ ತೆಗೆದ ಚಿತ್ರಗಳಲ್ಲಿ ಕಂದು ನೆಲದ ನಡುವೆ ಅಲ್ಲಲ್ಲಿ ದುಂಡನೆಯ ಹಸಿರು ಚುಕ್ಕೆಗಳು ಕಾಣುತ್ತವೆ, ಪ್ರತಿಯೊಂದರ ನಡುವೆಯೂ ಒಂದು ದೇವಾಲಯವಿರುತ್ತದೆ. ದೇವಾಲಯಕ್ಕೆ ಮರಗಳು ಉಡುಗೆಯ ಹಾಗೆ ಎಂದು ಭಾವಿಸಿ ತಲೆತಲಾಂತರದಿಂದ ಕಾಪಾಡಿಕೊಂಡು ಬಂದ ತೋಪುಗಳು ಅವು. ಹಾಗಿದ್ದೂ ಅಂಚಿನಿಂದ ಕರಗುತ್ತಿದ್ದವು: ದನಕರು ಒಳನುಗ್ಗಿ ಎಳೆಯ ಸಸಿಗಳನ್ನು ಮೇಯ್ದು ತುಳಿಯುತ್ತಿದ್ದುದರಿಂದ ಹಳೆಯ ಮರಗಳ ಕೆಳಗೆ ಹೊಸ ಪೀಳಿಗೆಯೇ ಇರಲಿಲ್ಲ. ಇಥಿಯೋಪಿಯದ ಅರಣ್ಯವಿಜ್ಞಾನಿ ಅಲೆಮಾಯೆಹು ವಾಸ್ಸಿ ಮತ್ತು ಅಮೆರಿಕದ ಮಾರ್ಗರೆಟ್ ಲೋಮನ್ ಅಲ್ಲಿಯ ಯಾಜಕರೊಂದಿಗೆ ಕುಳಿತು ಮಾತನಾಡಿದರು. ಆಮೇಲೆ ಜನರು ಸುತ್ತಲಿನ ಹೊಲಗಳಿಂದ ಕಲ್ಲುಗಳನ್ನು ಆರಿಸಿ ತಂದು ತೋಪಿನ ಸುತ್ತ ಗೋಡೆ ಕಟ್ಟಿದರು. ಹೊಲದ ಕಲ್ಲು ಖಾಲಿಯಾಗಿ ಉಳುಮೆಗೆ ಅನುಕೂಲವಾಯಿತು, ಗೋಡೆಯ ಒಳಗೆ ಸಸಿಗಳು ಮತ್ತೆ ತಲೆಯೆತ್ತಿದವು.

ಹೀಗಾಗಿ ನನ್ನ ಸಲಹೆ: ಮುಂದಿನ ವರ್ಷ ಇನ್ನೂ 60 ನೆಡುವ ಆತುರ ಬೇಡ, 20 ನೆಟ್ಟು ಬೇಲಿ ಹಾಕಿ. ಮಳೆ ಹಿಡಿದ ಆರಂಭದಲ್ಲಿಯೇ ನೆಡಿ. ಆ ನೆಲದಲ್ಲಿ ಮೊದಲಿನಿಂದ ಬೆಳೆಯುತ್ತಿದ್ದ ಜಾತಿಗಳನ್ನೇ ಆರಿಸಿ, ಬುಡಕ್ಕೆ ಒಣ ಎಲೆ ಮುಚ್ಚಿ, ಒಂದೆರಡು ಬೇಸಿಗೆ ನೀರುಣಿಸುವವರು ಯಾರೆಂದು ಮೊದಲೇ ಗೊತ್ತುಮಾಡಿಕೊಳ್ಳಿ. ದಂಡೆಯಲ್ಲಿ ದನ ಮೇಯಿಸುವವರ ಜೊತೆ ಮಾತನಾಡದೆ ಮಾತ್ರ ಬೇಲಿ ಹಾಕಬೇಡಿ. ಅವರಿಗೂ ಆ ದಂಡೆ ಬದುಕು. ಅವರ ದಾರಿ ಮುಚ್ಚಿ ಮಾಡಿದ ನವೀಕರಣ ಅವರ ಪಾಲಿಗೆ ಇನ್ನೊಂದು ಅನ್ಯಾಯವಾಗುತ್ತದೆ. ಯಾಜಕಕಾಂಡದ 25ನೆಯ ಅಧ್ಯಾಯದಲ್ಲಿ ಏಳನೆಯ ವರ್ಷ ಭೂಮಿಗೆ ವಿಶ್ರಾಂತಿ ಕೊಡಬೇಕೆಂಬ ಆಜ್ಞೆಯೂ, ಐವತ್ತನೆಯ ವರ್ಷ ಬಡವನಿಗೆ ಅವನ ಭೂಮಿ ಮರಳಬೇಕೆಂಬ ಆಜ್ಞೆಯೂ ಒಂದೇ ಉಸಿರಿನಲ್ಲಿ ಬಂದಿವೆ. ಮಣ್ಣಿನ ನ್ಯಾಯವನ್ನೂ ಮನುಷ್ಯನ ನ್ಯಾಯವನ್ನೂ ಅಲ್ಲಿ ಬಿಡಿಸಿ ಇಟ್ಟಿಲ್ಲ.

ಕ್ರೈಸ್ತರು ಭೂಮಿಯ ಬಗ್ಗೆ ಅಸಡ್ಡೆ ತೋರಿದ್ದಾರೆಂಬ ಆರೋಪ ಹೊಸದಲ್ಲ. 1967ರಲ್ಲಿ ಇತಿಹಾಸಕಾರ ಲಿನ್ ವೈಟ್ ಈ ಆರೋಪವನ್ನು ಒಂದು ವಿಜ್ಞಾನ ಪತ್ರಿಕೆಯಲ್ಲಿ ಕಟುವಾಗಿಯೇ ಮಂಡಿಸಿದರು. ಅದರಲ್ಲಿ ಸತ್ಯಾಂಶವಿದೆ ಎಂದು ನಾನು ಒಪ್ಪುತ್ತೇನೆ. ಅದೇ ಲೇಖನದ ಕೊನೆಯಲ್ಲಿ ಅವರು ಮದ್ದಿಗಾಗಿ ತಿರುಗಿದ್ದು ಸೃಷ್ಟಿಯನ್ನೆಲ್ಲ ಸಹೋದರ, ಸಹೋದರಿ ಎಂದು ಕರೆದ ಅಸ್ಸೀಸಿಯ ಸಂತ ಫ್ರಾನ್ಸಿಸರ ಕಡೆಗೆ ಎಂಬುದನ್ನು ಮಾತ್ರ ಬಹಳ ಮಂದಿ ಮರೆಯುತ್ತಾರೆ. 1989ರಲ್ಲಿ ಕಾನ್‌ಸ್ಟಾಂಟಿನೋಪಲಿನ ಆರ್ಥೊಡಾಕ್ಸ್ ಪಿತೃಪ್ರಧಾನ ದಿಮಿತ್ರಿಯೊಸರು ಸೆಪ್ಟೆಂಬರ್ 1ನ್ನು ಸೃಷ್ಟಿಗಾಗಿ ಪ್ರಾರ್ಥಿಸುವ ದಿನವೆಂದು ಸಾರಿದರು, 2015ರಲ್ಲಿ ಪೋಪ್ ಫ್ರಾನ್ಸಿಸರು ಕಥೋಲಿಕ ಸಭೆಗೂ ಅದೇ ದಿನವನ್ನು ಗೊತ್ತುಮಾಡಿದರು. ನಿಮ್ಮ ಸಭೆಯಲ್ಲಿ ಆ ದಿನಕ್ಕೆ ಹತ್ತಿರದ ಭಾನುವಾರದ ಆರಾಧನೆಯನ್ನು ದಂಡೆಯಲ್ಲಿಯೇ ನಡೆಸಬಹುದೇ ಎಂದು ಹಿರಿಯರನ್ನು ಕೇಳಿ ನೋಡಿ.

ಹೊಸಚಿಗುರು

ಇಷ್ಟು ಶ್ರಮವಹಿಸಿ ಬರೆದ ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ರಾತ್ರಿಪಾಳಿಯ ಸಹೋದರಿಯ ಮಾತುಗಳನ್ನು ನಮ್ಮ ಗುಂಪಿನಲ್ಲಿ ಓದಿ ಹೇಳಿದಾಗ ಯಾರೂ ಕೂಡಲೇ ಮಾತನಾಡಲಿಲ್ಲ. ಸಸಿಗಳ ವಿಷಯದಲ್ಲಿ ಊಹೆ ಸರಿಯಾಗಿದೆ: ಮತ್ತೆ ಹೋಗಿ ನೋಡಿದೆವು, 37ರಲ್ಲಿ 26 ಗುಂಡಿಗಳ ಸುತ್ತ ಗೊರಸಿನ ಗುರುತುಗಳಿವೆ.

ಒಂದೇ ಒಂದು ವಿಷಯ ಉಳಿದಿದೆ. ನಮ್ಮ ಹಿರಿಯರ ಹತ್ತಿರ ಇದನ್ನೆಲ್ಲ ವಾದದಂತೆ ಒಪ್ಪಿಸಲು ನನಗೆ ಇಷ್ಟವಿಲ್ಲ. ನನಗೆ ಪ್ರಾರ್ಥಿಸಲು ಕಲಿಸಿದವರು ಅವರು. ಗ್ರೀಕ್ ಹಸ್ತಪ್ರತಿಗಳ ಮಾತೆತ್ತಿದರೆ ಮನಸ್ಸಿಗೆ ನೋವಾಗಬಹುದು. ಅವರೊಡನೆ ಎಲ್ಲಿಂದ ಮಾತು ಆರಂಭಿಸಲಿ?

ಹಿರಿಯ ಸೇವಕ

ಯೆರೆಮೀಯನ 32ನೆಯ ಅಧ್ಯಾಯವನ್ನು ಅವರೊಡನೆ ಕುಳಿತು ಓದಿರಿ, ವ್ಯಾಖ್ಯಾನ ಮಾಡಬೇಡಿರಿ. ಬಾಬೆಲಿನ ಸೈನ್ಯ ಯೆರೂಸಲೇಮನ್ನು ಮುತ್ತಿದೆ. ನಗರ ಸುಟ್ಟುಹೋಗುತ್ತದೆ ಎಂದು ಹೇಳಿದ್ದಕ್ಕೇ ಪ್ರವಾದಿಯನ್ನು ಕಾರಾಗೃಹದ ಅಂಗಳದಲ್ಲಿ ಇರಿಸಿದ್ದಾರೆ. ಅಂಥ ಹೊತ್ತಿನಲ್ಲಿ ಚಿಕ್ಕಪ್ಪನ ಮಗ ಹನಮೇಲನು ಬಂದು ಅನಾತೋತಿನ ಹೊಲವನ್ನು ಕೊಂಡುಕೋ ಎನ್ನುತ್ತಾನೆ. ಯೆರೆಮೀಯನು 17 ಶೆಕೆಲ್ ಬೆಳ್ಳಿಯನ್ನು ತಕ್ಕಡಿಯಲ್ಲಿ ತೂಗಿ ಕೊಟ್ಟು, ಸಾಕ್ಷಿಗಳಿಂದ ರುಜು ಹಾಕಿಸಿ, ಕ್ರಯಪತ್ರ ಬಹುದಿನ ಉಳಿಯಲೆಂದು ಮಣ್ಣಿನ ಗಡಿಗೆಯಲ್ಲಿ ಇಡುವಂತೆ ತನ್ನ ಲಿಪಿಕಾರ ಬಾರೂಕನಿಗೆ ಹೇಳುತ್ತಾನೆ. ಸುಡುವ ಬೆಂಕಿಯ ಬಗ್ಗೆ ಅವನಿಗಿಂತ ಚೆನ್ನಾಗಿ ಬಲ್ಲವರು ಆ ನಗರದಲ್ಲಿ ಯಾರೂ ಇರಲಿಲ್ಲ. ಆ ಬೆಂಕಿ ಬಂದೂ ಬಂತು. ಹೊಲವನ್ನು ಕೊಂಡ ಮೇಲೆ ಅವನು ಮಾಡುವ ಪ್ರಾರ್ಥನೆಯನ್ನು ಹದಿನಾರನೆಯ ವಚನದಿಂದ ನಿಧಾನವಾಗಿ ಓದಿರಿ. ನಗರವನ್ನು ಶತ್ರುಗಳ ಕೈಗೆ ಕೊಡುತ್ತಿರುವ ನೀನೇ ಹೊಲವನ್ನು ಕೊಂಡುಕೋ ಎಂದೆಯಲ್ಲಾ ಎಂದು ಅವನೂ ಕೇಳುತ್ತಾನೆ, ನಿಮ್ಮ ಹಿರಿಯರ ಪ್ರಶ್ನೆಯನ್ನೇ.

ಹೊಸಚಿಗುರು

ಓದಿದೆವು. ಬುಧವಾರದ ಪ್ರಾರ್ಥನಾಕೂಟ ಮುಗಿದ ಮೇಲೆ ಅವರ ಮನೆಯಲ್ಲಿ, ಅವರೇ ಗಟ್ಟಿಯಾಗಿ ಓದಿದರು. ಗಡಿಗೆಯ ಮಾತು ಬಂದಾಗ ನಿಲ್ಲಿಸಿ, ಆ ವಚನವನ್ನು ಇನ್ನೊಮ್ಮೆ ಓದಿದರು. ಒಪ್ಪಿದೆ ಎನ್ನಲಿಲ್ಲ. ಪೇತ್ರನ ವಚನದ ಬಗ್ಗೆ ತಮ್ಮ ಅಭಿಪ್ರಾಯ ಬದಲಾಗಿಲ್ಲ ಎಂದರು. ಹೊರಡುವಾಗ ಬೇಲಿಗೆ ಕಲ್ಲೋ, ಮುಳ್ಳೋ ಎಂದು ಕೇಳಿದರು. ದನ ಮೇಯಿಸುವವರೊಡನೆ ಇನ್ನೂ ಮಾತಾಗಿಲ್ಲ, ಅದಾದ ಮೇಲೆ ತೀರ್ಮಾನಿಸುತ್ತೇವೆ ಎಂದೆ. ಅವರಲ್ಲಿ ಇಬ್ಬರ ತಂದೆಯಂದಿರು ತಮಗೆ ಪರಿಚಯವಿದ್ದವರು, ಶನಿವಾರ ತಾವೂ ಬಂದು ಮಾತನಾಡಿಸುತ್ತೇವೆ ಎಂದಿದ್ದಾರೆ.